49 ಸೆಕೆಂಡಿನ ಸಿನಿಮಾ ತೋರಿಸಿ ಸಿಕ್ಕಿಹಾಕಿಕೊಂಡಿದ್ದೇನೆ. ಮಕ್ಕಳಿಗೆ ತರಲೆ ಕಲಿಸಿದ್ದು ನಾನಾ?

ಟೆರೇಸ್ ಟಾಕೀಸ್
ಒಂದು ವಿಚಿತ್ರ ತಗಾದೆ ಬಂದಿದೆ, ತೀರ್ಪು ನೀವೇ ಹೇಳಿ.

ಬೇಸಿಗೆ ರಜೆ ಅಲ್ವಾ, ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಶನಿವಾರ ಸಂಜೆ ಟೆರೇಸ್ ಮೇಲೆ ಸಿನಿಮಾ ತೋರಿಸುತ್ತೇನೆ. ಒಂದು ಬಿಳಿ ಪಂಚೆ, ಸಣ್ಣ ಪ್ರೊಜೆಕ್ಟರ್, ಒಂದು ಬಕೆಟ್ ಚುರುಮುರಿ. ಹೋದ ವಾರ ಮೂಕಿ ಸಿನಿಮಾದ ಸರದಿ. ಫ್ರಾನ್ಸಿನಲ್ಲಿ ಮೊದಮೊದಲು ಸಿನಿಮಾ ತೆಗೆದ ಲೂಮಿಯೇರ್ ಸಹೋದರರ 1895ರ ತೋಟಗಾರನ ಚಿತ್ರ ಹಾಕಿದೆ. ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ತೋಟಗಾರ ಪೈಪ್ ಹಿಡಿದು ಗಿಡಕ್ಕೆ ನೀರು ಹಾಯಿಸುತ್ತಿದ್ದಾನೆ. ಹಿಂದಿನಿಂದ ಒಬ್ಬ ಹುಡುಗ ಬಂದು ಪೈಪ್ ತುಳಿಯುತ್ತಾನೆ. ನೀರು ನಿಂತಿತು. ಏನಾಯ್ತಪ್ಪಾ ಅಂತ ಇವನು ಪೈಪಿನ ಬಾಯನ್ನು ಮುಖಕ್ಕೆ ಹಿಡಿದು ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಬುಸ್ಸಂತ ನೀರು, ಟೋಪಿ ಹಾರಿಹೋಯಿತು. ಆಮೇಲೆ ಅಟ್ಟಿಸಿಕೊಂಡು ಹೋಗಿ, ಹುಡುಗನನ್ನು ಹಿಡಿದು, ಕುಂಡೆಗೆ ನಾಲ್ಕು ಬಿಗಿಯುತ್ತಾನೆ. ಒಟ್ಟು 49 ಸೆಕೆಂಡ್.

ಮಕ್ಕಳು ಏಳು ಸಲ ಹಾಕಿಸಿದರು. ಇಷ್ಟು ನಕ್ಕಿದ್ದನ್ನು ನಾನು ಯಾವ ಕಾರ್ಟೂನಿಗೂ ನೋಡಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಕಾಂಪೌಂಡಿನ ಮಾಲಿ ತೊಯ್ದು ತೊಪ್ಪೆಯಾಗಿ ನಿಂತಿದ್ದರು. ಮೂರು ಹುಡುಗರು, ಒಬ್ಬಳು ಹುಡುಗಿ. ಈಗ ಗ್ರೂಪಿನಲ್ಲಿ ದೂರು: "ನಿಮ್ಮ ಸಿನಿಮಾ ನಿಲ್ಲಿಸಿ, ಮಕ್ಕಳು ಹಾಳಾಗುತ್ತಿದ್ದಾರೆ."

ತಪ್ಪು ನಂದಾ? 130 ವರ್ಷದ ಹಿಂದಿನ ಫ್ರಾನ್ಸಿನವರದಾ? ಮುಂದಿನ ಶನಿವಾರ ಏನು ತೋರಿಸಲಿ? ಇನ್ನೊಂದು ವಿಷಯ, ಆರು ವರ್ಷದ ಹುಡುಗಿ ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. "ಆ ಅಂಕಲ್ ಅವನನ್ನ ಅಲ್ಲೇ ಹೊಡೀಬಹುದಿತ್ತಲ್ಲ, ಯಾಕೆ ಇಲ್ಲೀವರೆಗೂ ಎಳ್ಕೊಂಡು ಬಂದ?"

ತರ್ಲೆ ನಂಬರ್ ಒನ್
ತಪ್ಪು ನಿಮ್ಮದೇ. ಏಳು ಸಲ ಯಾಕೆ ತೋರಿಸಿದಿರಿ? ಒಂದು ಸಲ ತೋರಿಸಿದರೆ ಸಿನಿಮಾ, ಏಳು ಸಲ ತೋರಿಸಿದರೆ ತರಬೇತಿ.

ಹಳೇ ರೀಲು
ಹುಡುಗಿಯ ಪ್ರಶ್ನೆಗೆ ನನ್ನ ನಮಸ್ಕಾರ. ಸಿನಿಮಾ ಪಾಠ ಮಾಡುವವರು ಇದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ, ಅವಳು ಚುರುಮುರಿ ತಿನ್ನುತ್ತಾ ಕೇಳಿಬಿಟ್ಟಳು.

ಉತ್ತರ ಸುಲಭ. ಕ್ಯಾಮೆರಾ ಕದಲುವುದಿಲ್ಲ. ಮರದ ಪೆಟ್ಟಿಗೆ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದಾರೆ, ಕೈಯಿಂದ ಹಿಡಿಕೆ ತಿರುಗಿಸಬೇಕು. ಹುಡುಗ ಓಡಿ ಚೌಕಟ್ಟಿನ ಆಚೆ ಹೋಗಿಬಿಟ್ಟರೆ ಹೊಡೆತ ನಮಗೆ ಕಾಣುವುದಿಲ್ಲ. ಅದಕ್ಕೆ ತೋಟಗಾರ ಅವನನ್ನು ನಮ್ಮ ಮುಂದಕ್ಕೇ ಎಳೆದು ತರುತ್ತಾನೆ. ತೋಟಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ. ಆಗಬೇಕಾದ್ದು ನೋಡುವ ನಮಗೆ. ಅಲ್ಲಿಯವರೆಗೂ ಇದು ತೋಟದಲ್ಲಿ ನಡೆದ ಒಂದು ಘಟನೆ ಅನ್ನಬಹುದು. ಎಳೆದು ತಂದ ಕ್ಷಣದಿಂದ ಅದು ನಾಟಕ. ನೀರು ಹಾರುವುದಕ್ಕಿಂತ ನನಗೆ ಇದೇ ಜಾಸ್ತಿ ಇಷ್ಟ.

ಸುಮ್ನೆ ಓದುಗ
ಇದೇ ಅಲ್ವಾ ಜಗತ್ತಿನ ಮೊದಲ ಸಿನಿಮಾ? ಪರದೆಯ ಮೇಲೆ ರೈಲು ಬಂದಾಗ ಜನ ಎದ್ದು ಓಡಿದರು ಅಂತಾರಲ್ಲ, ಆ ಚಿತ್ರದ ಜೊತೆ ತೋರಿಸಿದ್ದು?

ಹಳೇ ರೀಲು
ಅಯ್ಯೋ, ಈ ರೈಲು ನಮ್ಮನ್ನು ಬಿಡುವುದಿಲ್ಲ.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂ ಕೆಫೆಯ ನೆಲಮಾಳಿಗೆಯಲ್ಲಿ ಟಿಕೆಟ್ ಇಟ್ಟು ತೋರಿಸಿದರು. ಒಂದು ಫ್ರಾಂಕ್. ಹತ್ತು ಚಿತ್ರ. ರೈಲು ಆ ಪಟ್ಟಿಯಲ್ಲೇ ಇರಲಿಲ್ಲ! ಅದು ಬಂದದ್ದು ಮುಂದಿನ ವರ್ಷ. ತೋಟಗಾರ ಇದ್ದ, ಆರನೆಯ ಚಿತ್ರವಾಗಿ. ಆಗ ಹೆಸರು ಬರೀ "ತೋಟಗಾರ". ಮಿಕ್ಕವು ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದು, ಕಮ್ಮಾರರು, ಮಗುವಿನ ಊಟ, ಸಮುದ್ರದಲ್ಲಿ ಈಜು, ಇಂಥವು. ಒಂದೆರಡರಲ್ಲಿ ತಮಾಷೆ ಇದೆ, ಕುದುರೆ ಹತ್ತಲು ಒದ್ದಾಡುವವನು, ಕಂಬಳಿ ಮೇಲೆ ಹಾರುವವನು. ಆದರೆ ಮೊದಲು, ನಡು, ಕೊನೆ ಅಂತ ಕಥೆ ಇದ್ದದ್ದು ಇದಕ್ಕೆ ಮಾತ್ರ. ಹಾಗಾಗಿ ಮೊದಲ ಸಿನಿಮಾ ಅಲ್ಲ, ಮೊದಲ ಹಾಸ್ಯ ಚಿತ್ರ ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ.

ಮುಂಬೈ ಕನ್ನಡಿಗ
ನಮ್ಮ ಊರಿಗೂ ಬಂದಿತ್ತು ಇದು! 1896ರಲ್ಲಿ ವಾಟ್ಸನ್ ಹೋಟೆಲಿನಲ್ಲಿ ತೋರಿಸಿದ್ದರು. ಕಾಲಾ ಘೋಡಾ ಕಡೆ ಹೋದಾಗೆಲ್ಲ ಆ ಕಬ್ಬಿಣದ ಕಟ್ಟಡ ನೋಡಿ ಬರುತ್ತೇನೆ. ಪಾಪ, ಪಾಳು ಬಿದ್ದ ಹಾಗಿದೆ.

ಹಳೇ ರೀಲು
ತಾರೀಕು 7 ಜುಲೈ 1896, ಟಿಕೆಟ್ ಒಂದು ರೂಪಾಯಿ, ಅದೆಲ್ಲ ಸರಿ. ಆದರೆ ಆ ದಿನದ ಆರು ಚಿತ್ರಗಳಲ್ಲಿ ತೋಟಗಾರ ಇರಲಿಲ್ಲ. ರೈಲು ಇತ್ತು, ಗೋಡೆ ಕೆಡವುವುದು ಇತ್ತು, ಸಮುದ್ರ ಸ್ನಾನ ಇತ್ತು. ನಮ್ಮವರಿಗೆ ಮೊದಲ ದಿನ ನಗು ಸಿಗಲಿಲ್ಲ.

ಮುಂಬೈ ಕನ್ನಡಿಗ
ನಿಮ್ಮ ಜೊತೆ ಚಹಾ ಕುಡಿಯಲು ಕೂತರೆ ಚಹಾ ಆರಿಹೋಗುತ್ತದೆ ಅನ್ನಿಸುತ್ತದೆ.

ಪಂಪ್‌ಸೆಟ್ ಪರಮೇಶಿ
ಸಿನಿಮಾ ನನಗೆ ಗೊತ್ತಿಲ್ಲ, ಪೈಪು ಗೊತ್ತು. ನೀರು ಯಾಕೆ ಅಷ್ಟು ಜೋರಾಗಿ ಹಾರುತ್ತದೆ ಅಂತ ಯಾರೂ ಕೇಳಲೇ ಇಲ್ಲವಲ್ಲ!

ನೀರು ಹರಿಯುವಾಗ ಪೈಪಿನ ಉದ್ದಕ್ಕೂ ತಿಕ್ಕಾಟ ಇರುತ್ತದೆ. ಟ್ಯಾಂಕಿನ ಒತ್ತಡ ದಾರಿಯಲ್ಲೇ ಸವೆದು ಕೊನೆಗೆ ಸ್ವಲ್ಪ ಉಳಿಯುತ್ತದೆ. ಪೈಪ್ ತುಳಿದಿರಿ ಅಂತಿಟ್ಟುಕೊಳ್ಳಿ. ಹರಿವು ನಿಂತಿತು. ಹರಿಯದಿದ್ದರೆ ತಿಕ್ಕಾಟ ಇಲ್ಲ, ಸವೆಯುವುದೂ ಇಲ್ಲ. ಪೂರ್ತಿ ಒತ್ತಡ ಬಂದು ನಿಮ್ಮ ಕಾಲಿನ ಹಿಂದೆ ಕೂತುಕೊಳ್ಳುತ್ತದೆ. ಪೈಪ್ ರಬ್ಬರಿನದಾದರೆ ಸ್ವಲ್ಪ ಉಬ್ಬುತ್ತದೆ ಬೇರೆ. ಕಾಲು ತೆಗೆದ ತಕ್ಷಣ ಅದೆಲ್ಲ ಒಟ್ಟಿಗೆ ಹೊರಗೆ. ಒಂದೆರಡು ಸೆಕೆಂಡ್ ಮಾತ್ರ, ಆಮೇಲೆ ಮತ್ತೆ ಮಾಮೂಲಿ ಧಾರೆ. ಟೋಪಿ ಹಾರಿಸಲು ಅಷ್ಟು ಸಾಕು.

ಗಟ್ಟಿ ಪಿವಿಸಿ ಪೈಪಿನಲ್ಲಿ ಈ ಆಟ ನಡೆಯುವುದಿಲ್ಲ. ಡ್ರಿಪ್ ಪೈಪಿನಲ್ಲಂತೂ ಇಲ್ಲವೇ ಇಲ್ಲ. ಅಪಾರ್ಟ್‌ಮೆಂಟಿನವರು ಡ್ರಿಪ್ ಹಾಕಿಸಿಕೊಳ್ಳಿ. ಮಕ್ಕಳೂ ಉದ್ಧಾರ, ನೀರೂ ಉಳಿತಾಯ.

ತರ್ಲೆ ನಂಬರ್ ಒನ್
ಅಂದರೆ ತುಳಿದು ಎಷ್ಟು ಹೊತ್ತು ನಿಲ್ಲಬೇಕು? ನನ್ನ ಭಾಮೈದನಿಗಾಗಿ ಕೇಳುತ್ತಿದ್ದೇನೆ.

ಅಡಿಕೆ ತೋಟದವ
ಪರಮೇಶಿಯವರ ಮಾತು ನೂರಕ್ಕೆ ನೂರು ನಿಜ. ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ ಬದಲಿಸುವಾಗ ವಾಲ್ವ್ ಬಂದ್ ಮಾಡಬೇಕು. ಒಬ್ಬ ವಾಲ್ವ್ ಹತ್ತಿರ, ಇನ್ನೊಬ್ಬ ಜೆಟ್ ಹತ್ತಿರ. ನಡುವೆ ಇಡೀ ತೋಟ. "ಬಿಡ್ಲಾ?" ಅಂತ ಅಲ್ಲಿಂದ ಕೂಗುವುದು, "ತಡಿ" ಅಂತ ಇಲ್ಲಿಂದ ಕೂಗುವುದು. ನನ್ನ ತಮ್ಮನಿಗೆ ಪ್ರತಿ ಸಲ "ತಡಿ" ಅಂದದ್ದು "ಬಿಡು" ಅಂತಲೇ ಕೇಳಿಸುತ್ತಿತ್ತು. ಅಪ್ಪ ಎಷ್ಟು ಸಲ ತೊಯ್ದಿದ್ದಾರೋ! ತಮ್ಮ ಈಗ ಕಿವಿಯ ಡಾಕ್ಟರ್. ತಮಾಷೆ ಮಾಡುತ್ತಿಲ್ಲ.

ಬಾಗಲಕೋಟಿ ಹುಡುಗ
ನೀವು ಒಂದು ಪೈಪಿಗೆ ಇಷ್ಟು ಚರ್ಚೆ ಮಾಡುತ್ತೀರಿ. ನಮ್ಮಲ್ಲಿ ಹೋಳಿ ಹಬ್ಬಕ್ಕೆ ಬ್ಯಾರಲ್‌ಗಟ್ಟಲೆ ಬಣ್ಣ ತುಂಬಿದ ಬಂಡಿಗಳೇ ಬೀದಿಗೆ ಬರುತ್ತವೆ. ಯಾರು ಯಾರಿಗೂ ದೂರು ಕೊಡುವುದಿಲ್ಲ. ದೂರು ಕೊಡಲು ಹೋದವನಿಗೂ ಬೀಳುತ್ತದೆ.

ನಾಲ್ಕನೇ ಮಹಡಿ
ಈ ಚರ್ಚೆ ಯಾರೋ ನನಗೆ ಕಳಿಸಿದರು. ದೂರು ಕೊಟ್ಟವಳು ನಾನೇ. ಇಲ್ಲಿ ಎಲ್ಲರೂ ನಗುತ್ತಿದ್ದೀರಿ, ಅದಕ್ಕೆ ಹೇಳುತ್ತೇನೆ. "ಮಕ್ಕಳು ಹಾಳಾಗುತ್ತಿದ್ದಾರೆ" ಎನ್ನುವ ಸಾಲು ಮಾತ್ರ ಇಲ್ಲಿ ಬಂದಿದೆ. ಅದರ ಕೆಳಗೆ ನಾನು ಬರೆದದ್ದು ಬಂದಿಲ್ಲ.

ನಮ್ಮ ಕಾಂಪೌಂಡಿನ ತೋಟಕ್ಕೆ ಬರುವುದು ಎಸ್‌ಟಿಪಿ ನೀರು. ಇಡೀ ಬಿಲ್ಡಿಂಗಿನ ಬಚ್ಚಲು, ಕಕ್ಕಸಿನ ನೀರನ್ನು ಶುದ್ಧ ಮಾಡಿ ಬಿಡುವ ನೀರು. ಗಿಡಕ್ಕೆ ಸರಿ. ಮನುಷ್ಯನ ಕಣ್ಣಿಗೆ, ಬಾಯಿಗೆ? ಮಾಲಿ ಬಂದು ನನ್ನ ಮನೆಯಲ್ಲೇ ಮುಖ ತೊಳೆದುಕೊಂಡರು. ಕಣ್ಣು ಕೆಂಪಾಗಿತ್ತು.

ಟೆರೇಸ್ ಟಾಕೀಸ್
ಮೇಡಂ, ನನಗೆ ಇದು ನಿಜಕ್ಕೂ ಹೊಳೆದಿರಲಿಲ್ಲ. ಎಸ್‌ಟಿಪಿ ಮಾತು ಓದಿದ್ದೆ, ಕೋಪದಲ್ಲಿ ಬರೆದಿದ್ದೀರಿ ಅಂದುಕೊಂಡು ಮುಂದೆ ಹೋದೆ. ಒಂದೇ ಸಾಲು ಇಲ್ಲಿಗೆ ತಂದದ್ದು ತಪ್ಪು. ಈಗ ಕೆಳಗೆ ಹೋಗಿ ಅವರನ್ನು ನೋಡಿ ಬರುತ್ತೇನೆ.

ಸುಮ್ನೆ ಓದುಗ
ಕಥೆಯಲ್ಲಿ ತಿರುವು.

ಬೆಂಗಳೂರು ಟ್ಯಾಂಕರ್
ಹಾಗಂತ ಒಳ್ಳೆ ನೀರು ಬಿಡಿ ಅನ್ನಲೂ ಆಗುವುದಿಲ್ಲ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ನೆನಪಿದೆಯಾ? ನಾವೆಲ್ಲ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮಾಡಿದ ಬೇಸಿಗೆ ಅದು. ಆಗ ಈ ಸಿನಿಮಾ ತೋರಿಸಿದ್ದರೆ ಹಾರರ್ ಸಿನಿಮಾ ಅನ್ನಿಸುತ್ತಿತ್ತು.

ಟೀಚರಮ್ಮ
ನೀರಿನ ವಿಷಯ ಒಂದು ಕಡೆ ಇರಲಿ. ಕೊನೆಯಲ್ಲಿ ಆ ಹುಡುಗನಿಗೆ ಬೀಳುವ ಹೊಡೆತದ ಬಗ್ಗೆ ಯಾರಿಗೂ ಏನೂ ಅನ್ನಿಸಲಿಲ್ಲವೇ? ನಾನು ಪ್ರಾಥಮಿಕ ಶಾಲೆ ಟೀಚರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವ ಹಾಗಿಲ್ಲ. ನಾವು ಹೊಡೆಯಬಾರದು, ಆದರೆ ಹೊಡೆಯುವುದನ್ನು ತೋರಿಸಿ ನಗಿಸಬಹುದು. ಇದು ಯಾವ ನ್ಯಾಯ?

ಕೊಡಗಿನ ಕಾಫಿ
ಟೀಚರ್, ಅದು 1895. ಆಗಿನ ಕಾಲಕ್ಕೆ ಅದು ಸಾಮಾನ್ಯ.

ಟೀಚರಮ್ಮ
ಕಾಲ ಗೊತ್ತು. ನೋಡಿದ ಮಕ್ಕಳು ಈಗಿನ ಕಾಲದವರು ಅಲ್ವಾ?

ಲಿಯೋನಿನಲ್ಲಿ ಒಬ್ಬ
ಆ ಚಿತ್ರ ತೆಗೆದ ದೇಶದಲ್ಲೇ 2019ರಲ್ಲಿ ಮನೆಯಲ್ಲೂ ಮಕ್ಕಳನ್ನು ಹೊಡೆಯಬಾರದು ಅಂತ ಕಾನೂನು ಬಂತು. ಟೀಚರಮ್ಮನವರ ಪಕ್ಷಕ್ಕೆ ಒಂದು ಮತ.

ನಾನು ಕೆಲಸಕ್ಕಾಗಿ ಫ್ರಾನ್ಸಿನ ಲಿಯೋನಿಗೆ ಬಂದು ಐದು ವರ್ಷ ಆಯಿತು. ಲೂಮಿಯೇರ್ ಮನೆ ಈಗ ಮ್ಯೂಸಿಯಂ. ಮೆಟ್ರೋ ಸ್ಟೇಷನ್ನಿನ ಹೆಸರಿನಲ್ಲೂ ಅವರಿದ್ದಾರೆ. ಬೀದಿಯ ಹೆಸರು "ಮೊದಲ ಸಿನಿಮಾ ಬೀದಿ". ಕೆಲಸಗಾರರು ಹೊರಬರುವ ಚಿತ್ರ ತೆಗೆದ ಕಾರ್ಖಾನೆಯ ಶೆಡ್ಡಿನ ಒಂದು ಭಾಗ ಉಳಿಸಿಕೊಂಡಿದ್ದಾರೆ, ಅದರೊಳಗೇ ಈಗ ಚಿತ್ರಮಂದಿರ. ಊರಿಂದ ಅಮ್ಮ ಬಂದಾಗ ಕರೆದುಕೊಂಡು ಹೋದೆ. ಮಿಕ್ಕಿದ್ದೆಲ್ಲ ಆಕಳಿಸುತ್ತಾ ನೋಡಿದರು. ತೋಟಗಾರನ ಚಿತ್ರ ಬಂದಾಗ "ಅಯ್ಯೋ ಮಂಗ, ಪೈಪ್ ಒಳಗೆ ಯಾಕೋ ಇಣುಕ್ತೀಯ, ಹಿಂದೆ ನೋಡೋ" ಅಂತ ಜೋರಾಗಿ ಅಂದರು. ಪಕ್ಕದಲ್ಲಿದ್ದ ಫ್ರೆಂಚ್ ಅಜ್ಜಿಗೆ ಕನ್ನಡ ಬರದಿದ್ದರೂ ಅರ್ಥವಾಯಿತು, ಇಬ್ಬರೂ ಸೇರಿ ನಕ್ಕರು.

ತೋಟಗಾರ ನಿಜವಾದ ತೋಟಗಾರನೇ. ಲೂಮಿಯೇರ್ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಫ್ರಾನ್ಸ್ವಾ ಕ್ಲೇರ್. ಹುಡುಗ ಬೆನ್ವಾ ದುವಾಲ್, ಅವರ ಕಾರ್ಖಾನೆಯಲ್ಲಿ ಬಡಗಿ ಕೆಲಸ ಕಲಿಯುತ್ತಿದ್ದವನು. ಐಡಿಯಾ ಬಂದದ್ದು ತಮ್ಮ ಎಡುವಾರ್ ಮಾಡಿದ ತರಲೆಯಿಂದ ಅಂತ ಚಿತ್ರ ತೆಗೆದ ಲೂಯಿ ಲೂಮಿಯೇರ್ ಆಮೇಲೆ ಹೇಳಿಕೊಂಡಿದ್ದಾರೆ.

ಹಳೇ ರೀಲು
ಹೇಳಿಕೊಂಡಿದ್ದಾರೆ, ಸರಿ. ಆದರೆ 1889ರಲ್ಲೇ ಇದೇ ತಮಾಷೆ ಒಂದು ಫ್ರೆಂಚ್ ಮಕ್ಕಳ ಪತ್ರಿಕೆಯಲ್ಲಿ ಕಾಮಿಕ್ಸ್ ಆಗಿ ಬಂದಿತ್ತು. ಬರೆದವರು ಕ್ರಿಸ್ತೋಫ್ ಅನ್ನುವ ಹೆಸರಿನ ಜಾರ್ಜ್ ಕೊಲೊಂಬ್, ವೃತ್ತಿಯಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಗಿಡದ ಮೇಷ್ಟ್ರಿಗೆ ನೀರು ಹಾಯಿಸುವವನ ಕಷ್ಟ ಹೊಳೆದದ್ದು ಸಹಜ ಬಿಡಿ. ಅಂದರೆ ಕದ್ದದ್ದು!

ಅಡಿಕೆ ತೋಟದವ
ಪೈಪ್ ತುಳಿಯುವುದಕ್ಕೆ ಯಾರ ಪೇಟೆಂಟ್ ಸಾರ್? ಪೈಪ್ ಇದ್ದಲ್ಲೆಲ್ಲ ಈ ಹುಡುಗ ಇದ್ದೇ ಇರುತ್ತಾನೆ. ನನ್ನ ತಮ್ಮ ಯಾವ ಫ್ರೆಂಚ್ ಪತ್ರಿಕೆ ಓದಿದ್ದ?

ಹಳೇ ರೀಲು
ನಿಮ್ಮ ತಮ್ಮ ಓದಿರಲಿಕ್ಕಿಲ್ಲ. ಆದರೆ ಸಿನಿಮಾದವರು ಒಬ್ಬರದನ್ನು ಒಬ್ಬರು ಚೆನ್ನಾಗಿಯೇ ನೋಡಿದ್ದರು. ಫ್ರಾನ್ಸಿನ ಇನ್ನೊಬ್ಬ ಸಿನಿಮಾದವ ಮೆಲಿಯೆಸ್ 1896ರಲ್ಲೇ ತನ್ನದೊಂದು ಮಾಡಿದ. ಇಂಗ್ಲೆಂಡಿನ ಯಾರ್ಕ್‌ಶೈರಿನ ಬ್ಯಾಮ್‌ಫೋರ್ತ್ ಕಂಪನಿಯವರೂ ಮಾಡಿದರು. ಲೂಮಿಯೇರ್ ಕಂಪನಿಯೇ ಮತ್ತೆ ಮತ್ತೆ ತೆಗೆಯಿತು. 1957ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ತನ್ನ ತುಂಟ ಹುಡುಗರ ಕಿರುಚಿತ್ರದಲ್ಲಿ ಈ ಪೈಪಿಗೆ ಕೈಮುಗಿದ. 1896ರ ಲೂಮಿಯೇರ್ ಪೋಸ್ಟರಿನಲ್ಲಿ ಪರದೆಯ ಮೇಲೆ ಇರುವುದೂ ಇದೇ ದೃಶ್ಯ, ಮುಂದೆ ಕೂತವರು ನಗುತ್ತಿದ್ದಾರೆ. ಒಂದು ನಿರ್ದಿಷ್ಟ ಸಿನಿಮಾವನ್ನು ತೋರಿಸುವ ಮೊದಲ ಪೋಸ್ಟರ್ ಅಂತ ಅದನ್ನೇ ಹೇಳುತ್ತಾರೆ.

ಯಕ್ಷಗಾನ ಹುಚ್ಚ
ನನಗೆ ಕಾಣುವ ಗುಟ್ಟೇ ಬೇರೆ. ಹುಡುಗ ನಮಗೆ ಕಾಣುತ್ತಾನೆ, ತೋಟಗಾರನಿಗೆ ಕಾಣುವುದಿಲ್ಲ. ಅಷ್ಟೇ. ನಮ್ಮ ಆಟದಲ್ಲಿ ಹಾಸ್ಯಗಾರ ರಾಜನ ಹಿಂದೆ ನಿಂತು ಅವನ ನಡಿಗೆ ಅಣಕಿಸುತ್ತಾನಲ್ಲ, ಅದೇ ಲೆಕ್ಕ. ರಾಜ ತಿರುಗಿದರೆ ಇವನು ಕೈಕಟ್ಟಿ ನಿಂತಿರುತ್ತಾನೆ. ಹಿಂದೆ ಏನಾಗುತ್ತಿದೆ ಅಂತ ಮುಂದೆ ಕೂತ ಮಗುವಿಗೆ ಗೊತ್ತು, ಕಿರೀಟ ಇಟ್ಟವನಿಗೆ ಗೊತ್ತಿಲ್ಲ. ಮಗು ಅದಕ್ಕೇ ನಗುವುದು. ನೀರು ಬೀಳುವ ಮೊದಲೇ ನಗು ಶುರುವಾಗಿರುತ್ತದೆ, ಗಮನಿಸಿ.

ಟೆರೇಸ್ ಟಾಕೀಸ್
ಹೌದು! ಎರಡನೇ ಸಲದಿಂದ ಹುಡುಗ ಕಾಲಿಡುವಾಗಲೇ ಕಿರುಚಾಟ.

(ಮಾಲಿ ಚೆನ್ನಾಗಿದ್ದಾರೆ. ಕಣ್ಣಿಗೆ ಡ್ರಾಪ್ಸ್ ಕೊಡಿಸಿದೆ. ಉಳಿದದ್ದು ಆಮೇಲೆ ಬರೆಯುತ್ತೇನೆ.)

ಮೂಕಿ ಪ್ರಿಯೆ
ಒಂದು ಸಣ್ಣ ತಾಂತ್ರಿಕ ವಿಷಯ. ಯಾವ ಕಾಪಿ ತೋರಿಸಿದಿರಿ? ಅಂತರ್ಜಾಲದಲ್ಲಿ ಬಣ್ಣ ಹಾಕಿ, ನುಣ್ಣಗೆ ಮಾಡಿ, ನೀರಿನ ಸದ್ದು ಸೇರಿಸಿದ್ದೆಲ್ಲ ಸಿಗುತ್ತದೆ. ಬೇಡ. ಮೂಲ ಫಿಲ್ಮು ಸುಮಾರು 17 ಮೀಟರ್, ಹತ್ತಿರ ಹತ್ತಿರ 900 ಬಿಡಿ ಚಿತ್ರಗಳು, ಅಂದರೆ ಫ್ರೇಮ್‌ಗಳು. ಸೆಕೆಂಡಿಗೆ 18ರಂತೆ ಓಡಿಸಿದರೆ 49 ಸೆಕೆಂಡ್ ಬರುತ್ತದೆ. ಈಗಿನ 24ರ ವೇಗಕ್ಕೆ ಹಾಕಿದರೆ 37 ಸೆಕೆಂಡಿಗೆ ಮುಗಿದುಹೋಗುತ್ತದೆ, ಎಲ್ಲರೂ ಇರುವೆ ಕಚ್ಚಿದವರ ಹಾಗೆ ಓಡುತ್ತಾರೆ. ಮೂಕಿ ಸಿನಿಮಾ ಅಂದರೆ ಗಡಿಬಿಡಿ ಓಟ ಅಂತ ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಅರ್ಧ ತಪ್ಪು ಹೀಗೆ ತಪ್ಪು ವೇಗದಲ್ಲಿ ಓಡಿಸಿದವರದ್ದು.

ಟೆರೇಸ್ ಟಾಕೀಸ್
49 ಸೆಕೆಂಡಿನದೇ. ಬಣ್ಣ ಇಲ್ಲ. ಹಿನ್ನೆಲೆ ಸಂಗೀತ ಮಾತ್ರ ಮೂರನೇ ಮಹಡಿಯ ಹುಡುಗನ ಹಾರ್ಮೋನಿಯಂ. ಅವನಿಗೆ ಬರುವುದು ಒಂದೇ ಗೀತೆ.

ಕೊಡಗಿನ ಕಾಫಿ
ಮುಂದಿನ ವಾರಕ್ಕೆ ಲಿಟಲ್ ರಾಸ್ಕಲ್ಸ್ ಹಾಕಿ, ಅಮೆರಿಕದ ಹಳೇ ತುಂಟ ಮಕ್ಕಳ ಕಿರುಚಿತ್ರಗಳು. ನಾನು ಟೀವಿಯಲ್ಲಿ ನೋಡಿ ಬೆಳೆದವನು. ಅದು ಟಾಕಿ, ಅಂದರೆ ಮಾತಿರುವ ಸಿನಿಮಾ, ಆದರೂ ಪರವಾಗಿಲ್ಲ.

ಮೂಕಿ ಪ್ರಿಯೆ
ಶುರುವಿನದು ಟಾಕಿ ಅಲ್ಲ. ಟೀವಿಗೆ ಬಂದಾಗ ಆ ಹೆಸರು ಇಟ್ಟರು. ಮೂಲ ಹೆಸರು ಅವರ್ ಗ್ಯಾಂಗ್. ನಿರ್ಮಾಪಕ ಹಾಲ್ ರೋಚ್ 1922ರಲ್ಲಿ ಶುರು ಮಾಡಿದ್ದು, 1929ರವರೆಗೂ ಮೂಕಿಯೇ. 1944ರಲ್ಲಿ ನಿಲ್ಲುವಷ್ಟರಲ್ಲಿ 220 ಕಿರುಚಿತ್ರ ಆಗಿತ್ತು.

ಹುಟ್ಟಿದ ಕಥೆ ಚೆನ್ನಾಗಿದೆ. ರೋಚ್ ಆಫೀಸಿಗೆ ಒಬ್ಬ ಹುಡುಗಿಯನ್ನು ಆಡಿಷನ್‌ಗೆ ಕರೆತಂದಿದ್ದರಂತೆ. ಮೈತುಂಬ ಮೇಕಪ್, ಉರು ಹೊಡೆದ ನಟನೆ. ಅವಳು ಹೋದ ಮೇಲೆ ಇವನು ಕಿಟಕಿಯಿಂದ ಆಚೆ ನೋಡಿದರೆ ಮಕ್ಕಳು ಮರದ ತುಂಡುಗಳಿಗಾಗಿ ಜಗಳ ಆಡುತ್ತಿದ್ದಾರೆ. ದೊಡ್ಡ ತುಂಡು ಸಣ್ಣವನ ಕೈಯಲ್ಲಿ, ದೊಡ್ಡವನಿಗೆ ಅದೇ ಬೇಕು. ಎಷ್ಟೋ ಹೊತ್ತು ನೋಡುತ್ತಾ ನಿಂತ. ಮಕ್ಕಳು ಮಕ್ಕಳಾಗಿಯೇ ಇದ್ದರೆ ಸಾಕು ಅಂತ ಹೊಳೆಯಿತಂತೆ. ನಿರ್ದೇಶಕ ರಾಬರ್ಟ್ ಮೆಕ್‌ಗೋವನ್. ಎಷ್ಟೋ ಮಕ್ಕಳಿಗೆ ಓದಲು ಬರುತ್ತಿರಲಿಲ್ಲ, ಅವನು ದೃಶ್ಯವನ್ನು ಆಟದ ಹಾಗೆ ಹೇಳಿಕೊಡುತ್ತಿದ್ದ. ಮೂಕಿ ಅಲ್ವಾ, ಕ್ಯಾಮೆರಾ ಓಡುವಾಗಲೇ ಕೂಗಿ ಹೇಳಬಹುದಿತ್ತು.

ನಿಮಗೆ ಬೇಕಾದರೆ 1924ರ ಸನ್‌ಡೌನ್ ಲಿಮಿಟೆಡ್ ಹಾಕಿ, ಮಕ್ಕಳೇ ಸ್ವಂತ ರೈಲು ಮಾಡಿಕೊಳ್ಳುತ್ತಾರೆ. 1927ರ ಬೇಬಿ ಬ್ರದರ್ ಬೇಡವೇ ಬೇಡ, ಅದರಲ್ಲಿ ಕೂಸುಗಳನ್ನು ಕಾರ್ಖಾನೆಯಲ್ಲಿ ತೊಳೆದ ಹಾಗೆ ಸಾಲಾಗಿ ತೊಳೆಯುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕೈಗೂಸುಗಳಿದ್ದರೆ ಯೋಚಿಸಿ.

ತರ್ಲೆ ನಂಬರ್ ಒನ್
ನಾಲ್ಕನೇ ಮಹಡಿ ಮೇಡಂ, ದಯವಿಟ್ಟು ಇದನ್ನು ಓದಬೇಡಿ.

ನಾಲ್ಕನೇ ಮಹಡಿ
ಓದಿದೆ. ನಕ್ಕೆ ಕೂಡ. ಆದರೆ ರೈಲು ಸಾಕು.

ಟೀಚರಮ್ಮ
ಅವರ್ ಗ್ಯಾಂಗ್ ತೋರಿಸುವ ಮೊದಲು ನೀವು ಒಂದು ಸಲ ಪೂರ್ತಿ ನೋಡಿ. ಕಪ್ಪು ಮಕ್ಕಳು, ಬಿಳಿ ಮಕ್ಕಳು ಸರಿಸಮ ಆಡುವುದು ಆ ಕಾಲಕ್ಕೆ ದೊಡ್ಡ ವಿಷಯ, ಒಪ್ಪುತ್ತೇನೆ. ಆದರೆ ಕಪ್ಪು ಮಕ್ಕಳನ್ನೇ ಗುರಿಮಾಡಿದ ಗೇಲಿ ಬೇಕಾದಷ್ಟಿದೆ. ದೆವ್ವ ಕಂಡರೆ ಕಣ್ಣು ಬಿಡುವುದು, ಕಲ್ಲಂಗಡಿ ಕಂಡರೆ ಬಾಯಿ ಬಿಡುವುದು.

ಮೂಕಿ ಪ್ರಿಯೆ
ನಿಜ. ಎರಡೂ ಒಟ್ಟಿಗೆ ಇವೆ. ಸನ್‌ಶೈನ್ ಸ್ಯಾಮಿ ಅಂತ ಹೆಸರಾದ ಅರ್ನಿ ಮಾರಿಸನ್ ಆ ಗುಂಪಿನ ಮೊದಲ ಸ್ಟಾರ್. ಹಾಲಿವುಡ್ಡಿನಲ್ಲಿ ದೀರ್ಘ ಒಪ್ಪಂದ ಸಿಕ್ಕ ಮೊದಲ ಕಪ್ಪು ನಟ ಅಂತ ಅವನನ್ನೇ ಹೇಳುತ್ತಾರೆ, ಅದೂ ಚಿಕ್ಕ ಹುಡುಗ. ಇನ್ನು ಫರೀನಾ, ಅಂದರೆ ಅಲೆನ್ ಹಾಸ್ಕಿನ್ಸ್, ಕೂಸಾಗಿದ್ದಾಗಲೇ ಸೇರಿದ. ಗಂಡು ಮಗುವಿಗೆ ಜಡೆ ಹಾಕಿ ಹುಡುಗನೋ ಹುಡುಗಿಯೋ ಅಂತ ಜನ ತಲೆ ಕೆರೆದುಕೊಳ್ಳುವ ಹಾಗೆ ಮಾಡಿದ್ದರು. ಅವನ ಅಳು ನೋಡಿದರೆ ಈಗಲೂ ಎತ್ತಿಕೊಳ್ಳೋಣ ಅನ್ನಿಸುತ್ತದೆ. ತೋರಿಸಿ, ಆದರೆ ಆರಿಸಿ ತೋರಿಸಿ.

ಸುಮ್ನೆ ಓದುಗ
ವಿಷಯಕ್ಕೆ ಬರೋಣ. ತೋಟಗಾರನ ಚಿತ್ರಕ್ಕೆ ಕನ್ನಡದಲ್ಲಿ ಏನು ಹೆಸರಿಡಬಹುದು? ಫ್ರೆಂಚ್ ಹೆಸರಿನ ಅರ್ಥ ಏನು?

ಲಿಯೋನಿನಲ್ಲಿ ಒಬ್ಬ
ಲಾರೋಸೂರ್ ಆರೋಸೆ. ನೀರು ಹಾಕುವವನಿಗೇ ನೀರು ಹಾಕಿದ್ದು ಅಂತ. ಎರಡು ಪದವೂ ಒಂದೇ ಬೇರಿನವು, ಅದರಲ್ಲೇ ಮಜಾ. ಇಲ್ಲಿ ಅದು ಗಾದೆಯ ಹಾಗೆ ಆಗಿಬಿಟ್ಟಿದೆ. ತಾನು ತೋಡಿದ ಗುಂಡಿಗೆ ತಾನೇ ಬಿದ್ದವನನ್ನು ಹಾಗನ್ನುತ್ತಾರೆ.

ಅಡಿಕೆ ತೋಟದವ
ತೋಯಿಸುವವ ತೋಯ್ದ.

ಬಾಗಲಕೋಟಿ ಹುಡುಗ
ನೀರಿನವಗ ನೀರ.

ತರ್ಲೆ ನಂಬರ್ ಒನ್
ಮಾಡಿದ್ದುಣ್ಣೋ ಮಹರಾಯ!

ಯಕ್ಷಗಾನ ಹುಚ್ಚ
ಆ ಗಾದೆ ಇಲ್ಲಿ ಕೂರುವುದಿಲ್ಲ. ತೋಟಗಾರ ಏನು ಮಾಡಿದ್ದ ಉಣ್ಣಲು? ಪಾಪ, ತನ್ನ ಪಾಡಿಗೆ ಗಿಡಕ್ಕೆ ನೀರು ಹಾಕುತ್ತಿದ್ದ. ಗುಂಡಿ ತೋಡಿದವನು ಹುಡುಗ. ಫ್ರೆಂಚರು ಗಾದೆ ಮಾಡಿಕೊಳ್ಳುವಾಗ ಸಿನಿಮಾವನ್ನೇ ಮರೆತಿದ್ದಾರೆ.

ಲಿಯೋನಿನಲ್ಲಿ ಒಬ್ಬ
ಐದು ವರ್ಷದಿಂದ ಈ ಮಾತು ಬಳಸುತ್ತಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ! ನಾಳೆ ಆಫೀಸಿನಲ್ಲಿ ಜಗಳ ತೆಗೆಯುತ್ತೇನೆ.

ಟೀಚರಮ್ಮ
ಇನ್ನೊಂದು ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಮೊದಲು ಈ ತರಲೆ ಮಾಡಿದವನು ಎಡುವಾರ್ ಅಂದಿರಿ. ಅವನು ಯಜಮಾನರ ಮಗ. ಸಿನಿಮಾದಲ್ಲಿ ಮಾಡಿದವನು ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಹುಡುಗ. ಯಜಮಾನರ ಮಗ ಮಾಡಿದಾಗ ತೋಟಗಾರ ಹೊಡೆದಿದ್ದನೇ? ಹೊಡೆಯಲು ಆಗುತ್ತಿತ್ತೇ?

ಹಳೇ ರೀಲು
ಬಡಗಿ ಹುಡುಗನನ್ನು ಹಾಕಿದ್ದು ಕೈಗೆ ಸಿಕ್ಕಿದ ಅಂತ ಇರಬಹುದು. ಎಲ್ಲದರಲ್ಲೂ ಯಜಮಾನ, ಆಳು ಅಂತ ಹುಡುಕಬೇಡಿ ಟೀಚರ್.

ಟೀಚರಮ್ಮ
ಹುಡುಕಲಿಲ್ಲ, ಕಂಡಿತು. ಕ್ಯಾಮೆರಾ ಮುಂದೆ ಎಳೆದು ತಂದು ಹೊಡೆಯುವುದಕ್ಕೆ ಯಾರ ಮಗ ಸಿಕ್ಕಿದ ಅಂತ ಮಾತ್ರ ಕೇಳಿದೆ.

ನಾಲ್ಕನೇ ಮಹಡಿ
ನಮ್ಮ ಅಪಾರ್ಟ್‌ಮೆಂಟಿನಲ್ಲಿ ತುಳಿದ ನಾಲ್ವರಲ್ಲಿ ಒಬ್ಬ ಸೆಕ್ರೆಟರಿಯವರ ಮಗ. ಸುಮ್ನೆ ಹೇಳಿದೆ.

ಹಳೇ ರೀಲು
ಸರಿ, ಸೋತೆ.

ಟೆರೇಸ್ ಟಾಕೀಸ್
ಈಗ ಉಳಿದದ್ದು ಬರೆಯುತ್ತೇನೆ.

ಮಾಲಿಯವರ ಹತ್ತಿರ ಹೋಗಿ, ಇದು ನನ್ನಿಂದ ಆದದ್ದು ಅಂತ ಒಪ್ಪಿಕೊಂಡೆ. ಯಾವ ಸಿನಿಮಾ ಅಂತ ಕೇಳಿದರು. ಮೊಬೈಲಿನಲ್ಲಿ ತೋರಿಸಿದೆ. ಒಂದು ಸಲ ನೋಡಿ ಏನೂ ಅನ್ನಲಿಲ್ಲ. "ಇನ್ನೊಂದು ಸಲ ಹಾಕಿ" ಅಂದರು. ಹಾಕಿದೆ. ನೀರು ಹಾರಿದಾಗ ಸಣ್ಣಗೆ ನಕ್ಕರು. ಹುಡುಗನನ್ನು ಹಿಡಿದು ಹೊಡೆಯುವಾಗ ಮಾತ್ರ ನನ್ನ ಮುಖ ನೋಡಿದರು. "ಇವನಿಗೆ ಕೆಲಸ ಹೋಗ್ಲಿಲ್ವಾ ಸಾರ್?" ಅಂದರು.

ನಾನು ಏನೂ ಹೇಳಲಿಲ್ಲ. ಟೀಚರಮ್ಮ, ನಿಮ್ಮ ಮಾತು ಓದುವ ಮೊದಲೇ ಇದು ನಡೆದದ್ದು.

ಮೂರನೇ ಸಲ ಅವರೇ ಬೆರಳಿಟ್ಟು ಹಾಕಿಕೊಂಡರು. ಓಟದ ಹತ್ತಿರ ನಿಲ್ಲಿಸಿದರು. "ಪೈಪ್ ಕೆಳಗೆ ಹಾಕಿ ಓಡಿದ್ದಾನೆ ನೋಡಿ. ನಲ್ಲಿ ಬಂದ್ ಮಾಡ್ಲಿಲ್ಲ. ಇಷ್ಟು ಹೊತ್ತು ಒಂದೇ ಕಡೆ ನೀರು ಹೋದ್ರೆ ಗಿಡದ ಬುಡ ಏನಾಗ್ಬೇಕು?"

ಈ ಶನಿವಾರ ಮಕ್ಕಳೇ ರೈಲು ಮಾಡಿಕೊಳ್ಳುವ ಸಿನಿಮಾ. ಅವರನ್ನೂ ಕರೆದಿದ್ದೇನೆ. ಕೆಲಸ ಮುಗಿದರೆ ಬರುತ್ತೇನೆ ಅಂದಿದ್ದಾರೆ. ತುಳಿದ ನಾಲ್ವರಿಗೂ ಅವರ ಜೊತೆ ಒಂದು ವಾರ ಗಿಡಕ್ಕೆ ನೀರು ಹಾಕುವ ಕೆಲಸ, ಕೈಗವಸು, ಕನ್ನಡಕ ಸಮೇತ. ಸೆಕ್ರೆಟರಿಯವರ ಮಗ ಇನ್ನೂ ಬಂದಿಲ್ಲ.

ಪಂಪ್‌ಸೆಟ್ ಪರಮೇಶಿ
ನಾನು ಸಿನಿಮಾ ನೋಡಿದಾಗ ಮೊದಲು ಹೊಳೆದದ್ದೂ ಅದೇ. ನಲ್ಲಿ! ನೀವೆಲ್ಲ ನಗುತ್ತೀರಿ ಅಂತ ಬರೆಯಲಿಲ್ಲ.

ಬಾಗಲಕೋಟಿ ಹುಡುಗ
ಹೆಸರು ಸಿಕ್ಕಿತು ನೋಡಿ. "ನಲ್ಲಿ ಬಂದ್ ಮಾಡೋ".